ಗದಗದೊಳಗೆ ‘ಲ’ ಎಲ್ಲಿದೆ?

ಸಿ ಭಾಷೆಯ ಸ್ಟ್ರಿಂಗ್ ಪಾಠಕ್ಕೆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಉದಾಹರಣೆ ‘ಹಲೋ ವರ್ಲ್ಡ್’. ಬೆಟಗೇರಿಯಲ್ಲಿ ಬೋಧನಾಭ್ಯಾಸಕ್ಕೆ ಹೋದಾಗ ಪಾಠ ಯೋಜನೆಯಲ್ಲಿ ಅದನ್ನು ಬಿಟ್ಟು, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ನಮ್ಮ ಊರುಗಳನ್ನೇ ಬರೆದುಕೊಂಡೆ. ಮಕ್ಕಳು ಪಿಯು ಮೊದಲ ವರ್ಷದವರು. ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ದಿನಾ ಬಸ್ಸಿನ ಬೋರ್ಡಿನಲ್ಲಿ ಕಾಣುವ ಹೆಸರುಗಳಾದರೆ ಪ್ರೇರಣೆಗೆ ಬೇರೆ ಕಥೆ ಬೇಕಿಲ್ಲ ಎಂಬುದು ನನ್ನ ಲೆಕ್ಕ.

ಮೊದಲು ಊರಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿದೆ. ‘ಸ್ಟ್ರ್‌ಚರ್’ ಎಂಬ ಫಂಕ್ಷನ್ ಎಡದಿಂದ ಹುಡುಕುತ್ತ ಹೋಗಿ, ಕೇಳಿದ ಅಕ್ಷರ ಮೊದಲು ಸಿಕ್ಕ ಜಾಗದ ವಿಳಾಸ ಕೊಡುತ್ತದೆ, ಸಿಗದಿದ್ದರೆ ‘ನಲ್’. ಆ ವಿಳಾಸದಿಂದ ಸ್ಟ್ರಿಂಗಿನ ಆರಂಭದ ವಿಳಾಸ ಕಳೆದರೆ ಸ್ಥಾನ ಬರುತ್ತದೆ, ಎಣಿಕೆ 0ಯಿಂದ. ಲಕ್ಷ್ಮೇಶ್ವರದ 12 ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲ ‘ಎಸ್’ 3ರಲ್ಲಿ, ಎರಡನೆಯದು 7ರಲ್ಲಿ. ಎರಡನೆಯದು ಬೇಕಾದರೆ ಸಿಕ್ಕ ಜಾಗದ ಮುಂದಿನ ಮನೆಯಿಂದ ಹುಡುಕಬೇಕು. “ಸಿಕ್ಕ ಜಾಗದಿಂದಲೇ ಮತ್ತೆ ಹುಡುಕಿದರೆ?” ಎಂದೆ. “ಅಲ್ಲೇ ನಿಂತಿರ್ತೈತ್ರಿ ಸರ್” ಎಂದ ಹಿಂದಿನ ಬೆಂಚಿನ ಹುಡುಗ. ಲೂಪ್ ಮುಗಿಯದೆ ಸುತ್ತುವುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೂ ಬರದು.

ಹದಿನೈದು ನಿಮಿಷ ಉಳಿದಿತ್ತು. ಒಬ್ಬ ಹುಡುಗಿ ಎದ್ದು, “ಕನ್ನಡದಾಗ ಬರದ್ರ ಹುಡುಕ್ತೈತೇನ್ರಿ?” ಎಂದಳು. ಬಂದು ನೀನೇ ಟೈಪ್ ಮಾಡು ಎಂದೆ. ‘ಗದಗ’ದಲ್ಲಿ ‘ಗ’ ಹುಡುಕಿಸಿದಳು. ಜಿಸಿಸಿ ಕಂಪೈಲರ್ ಒಂದು ಎಚ್ಚರಿಕೆ ತೋರಿಸಿತು, ಯಾರೂ ಓದಲಿಲ್ಲ. ಉತ್ತರ 2 ಬಂತು. ತರಗತಿಯೆಲ್ಲ ಚಪ್ಪಾಳೆ: ಗ, ದ, ಗ, 0, 1, 2, ಕೊನೆಯ ‘ಗ’ ಸರಿಯಾಗಿ 2ರಲ್ಲೇ ಇದೆಯಲ್ಲ! ಆದರೆ ಅವಳು ಕೂರಲಿಲ್ಲ. “ಮೊದಲಿಂದ ಹುಡುಕಿದ್ರ 0 ಬರಬೇಕಲ್ರಿ?”

ಇನ್ನೊಂದು ಅಕ್ಷರ ಕೊಡು, ಆ ಹೆಸರಿನಲ್ಲಿ ಇಲ್ಲದ್ದು, ಎಂದೆ. ಅವಳು ‘ಲ’ ಕೊಟ್ಟಳು. ಉತ್ತರ 1.

“ಗದಗದಾಗ ಲ ಎಲ್ಲೈತ್ರಿ? ಸುಳ್ಳ ಹೇಳಾಕತ್ತೈತಿ!” ಎಂದು ಗದ್ದಲವೆದ್ದಿತು. ಒಬ್ಬ, “ಕಂಪ್ಯೂಟರಿಗೆ ಕನ್ನಡ ಬರೂದಿಲ್ಲ ಬಿಡ್ರಿ” ಎಂದ. ನನಗೆ ಬೇಡವಾಗಿದ್ದದ್ದು ಈ ಮಾತೇ. ಆಗಲೇ ಗಂಟೆ ಹೊಡೆದಿದ್ದರೆ ಮಕ್ಕಳು ಅದನ್ನೇ ಮನೆಗೆ ಒಯ್ಯುತ್ತಿದ್ದರು.

ಹಲಗೆಯ ಮೇಲೆ ಅಂಕಿಗಳನ್ನು ಬರೆದೆ. ಸಿ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿಯವರಿಂದ. ಅದರ ‘ಚಾರ್’ ಎಂದರೆ ಒಂದು ಬೈಟ್. ಕನ್ನಡಕ್ಕೆ ಯುನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದು 1991ರಲ್ಲಿ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ರೂಪಿಸಿದ್ದು 1992ರಲ್ಲಿ. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಗ’ ಎಂದರೆ 224, 178, 151. ‘ದ’ ಎಂದರೆ 224, 178, 166. ಹೀಗೆ ‘ಗದಗ’ 9 ಬೈಟ್. ಒಂದೇ ಬೈಟ್ ಹುಡುಕಬಲ್ಲ ಸ್ಟ್ರ್‌ಚರ್‌ಗೆ ‘ಗ’ ಕೊಟ್ಟರೆ ಕೊನೆಯ 151 ಮಾತ್ರ ಉಳಿಯುತ್ತದೆ. ಅದು ಮೊದಲ ‘ಗ’ದ ಮೂರನೆಯ ಬೈಟಿನಲ್ಲೇ, ಅಂದರೆ 2ರಲ್ಲಿ, ಸಿಕ್ಕಿತು. ಚಪ್ಪಾಳೆ ಬಿದ್ದದ್ದು ಕಾಕತಾಳೀಯಕ್ಕೆ. ‘ಲ’ ಇನ್ನೂ ತಮಾಷೆ: 224, 178, 178. ಅದರ ಕೊನೆಯ 178 ಎಲ್ಲ ವ್ಯಂಜನಗಳ ನಡುವಿನ ಬೈಟ್ ಕೂಡ. ಹಾಗಾಗಿ ವ್ಯಂಜನವಿರುವ ಯಾವ ಕನ್ನಡ ಪದದಲ್ಲಿ ಹುಡುಕಿದರೂ ‘ಲ’ ಸಿಗುತ್ತದೆ!

ದಾರಿ ಸರಳ. ಒಂದು ಬೈಟ್ ಹುಡುಕುವ ಬದಲು ‘ಸ್ಟ್ರ್‌ಸ್ಟ್ರ್’ ಬಳಸಿ ಮೂರು ಬೈಟಿನ ಪುಟ್ಟ ಸ್ಟ್ರಿಂಗನ್ನೇ ಹುಡುಕಬೇಕು. ಅಕ್ಷರದ ಆರಂಭದ 224 ಎರಡನೆಯ, ಮೂರನೆಯ ಮನೆಯಲ್ಲಿ ಎಂದೂ ಬರುವುದಿಲ್ಲವಾದ್ದರಿಂದ ಅರ್ಧಂಬರ್ಧ ಹೊಂದಾಣಿಕೆ ಆಗದು. ಈ ಬಾರಿ ‘ಗ’ಕ್ಕೆ 0 ಬಂತು, ‘ಲ’ಕ್ಕೆ ನಲ್. ಹುಡುಗಿ ಕೂತಳು.

ಅವಲೋಕನ ಪುಸ್ತಕದಲ್ಲಿ ‘ಯೋಜನೆಯಿಂದ ಹೊರಗೆ ಹೋಗಿದೆ, ಸಾರಾಂಶಕ್ಕೆ ಸಮಯ ಉಳಿದಿಲ್ಲ’ ಎಂಬ ಟಿಪ್ಪಣಿ ಬಂತು. ಎರಡನೆಯ ಮಾತು ನಿಜ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ‘0 ಬರಬೇಕಲ್ರಿ’ ಎಂದವಳಿಗೆ ಪಾಠದ ಉದ್ದೇಶ ಪೂರ್ತಿ ತಲುಪಿತ್ತು. ಅದಕ್ಕಿಂತ ಒಳ್ಳೆಯ ಮೌಲ್ಯಮಾಪನದ ಪ್ರಶ್ನೆ ನನ್ನ ಯೋಜನೆಯಲ್ಲಿ ಇರಲಿಲ್ಲ. ಇದೇ ಪಾಠ ಮಾಡುವ ಗೆಳೆಯರು ಕನ್ನಡದ ಉದಾಹರಣೆಯನ್ನು ಕೊನೆಯ ಹದಿನೈದು ನಿಮಿಷಕ್ಕೆ ಬಿಡದೆ ಮೊದಲಿಗೇ ತರಲಿ.

ಮರುದಿನ ಮುಂಡರಗಿಯಲ್ಲಿ ‘ಗ’ ಹುಡುಕಿಸಿದೆ. ಉತ್ತರ 15 ಎಂದು ಬಂದಾಗ ತರಗತಿ ಎರಡು ಪಾಲಾಯಿತು. “ಗ ಇಲ್ರಿ, ಗಿ ಐತಿ” ಎಂದರು ಕೆಲವರು. ಕನ್ನಡ ಉಪನ್ಯಾಸಕರನ್ನು ಕರೆತಂದೆ. ವ್ಯಾಕರಣದಲ್ಲಿ ‘ಗಿ’ ಎಂದರೆ ಗ್ ಮತ್ತು ಇ, ಅಲ್ಲಿ ‘ಗ’ ಇಲ್ಲ ಎಂದು ಅವರು ಕೇಶಿರಾಜನಿಂದ ಹಿಡಿದು ವಿವರಿಸಿದರು. ಯಂತ್ರ ಮಾತ್ರ ಪೂರ್ತಿ ‘ಗ’ ಇಟ್ಟು, ಅದರ ಮುಂದೆ ಗುಡಿಸನ್ನು ಬೇರೆಯಾಗಿ ಇಡುತ್ತದೆ. ಲಕ್ಷ್ಮೇಶ್ವರವೂ ಹಾಗೆಯೇ: ನಮಗೆ ನಾಲ್ಕು ಅಕ್ಷರ, ಯಂತ್ರಕ್ಕೆ 11 ಸಂಕೇತ, 33 ಬೈಟ್.

‘ಶಿರಹಟ್ಟಿಯಲ್ಲಿ ಎಷ್ಟು ಟ?’ ಎಂದು ಮನೆಗೆಲಸ ಕೊಟ್ಟೆ. ಎರಡು ಎಂದು ಬಂತು, ಒಂದು ಎಂದು ಬಂತು, ಒಂದೂ ಇಲ್ಲ ಎಂದೂ ಬಂತು. ಯಾವುದಕ್ಕೂ ತಪ್ಪು ಗುರುತು ಹಾಕದೆ, ಪ್ರತಿ ಉತ್ತರದ ಕೆಳಗೆ ‘ಏನನ್ನು ಎಣಿಸಿದೆ, ಬರೆ’ ಎಂದು ಬರೆದು ಪುಸ್ತಕ ಹಿಂತಿರುಗಿಸಿದೆ.