ಅಣ್ಣನ ನೆಗಡಿ

ಪ್ರೋಟಾನ್ ಚಿಕಿತ್ಸೆಯ ಹಿಂದಿನ ಭೌತಶಾಸ್ತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಶಿವಮೊಗ್ಗದ ಪಿಯು ಕಾಲೇಜಿನಲ್ಲಿ ಪಾಠ ಮಾಡುವಾಗ, ಸಿಲಬಸ್ಸಿನಲ್ಲಿ ಇಲ್ಲದಿದ್ದರೂ ವಿಲಿಯಂ ಬ್ರಾಗ್ ಕಂಡುಕೊಂಡದ್ದನ್ನು ಮಕ್ಕಳಿಗೆ ಹೇಳದೆ ಬಿಡುತ್ತಿರಲಿಲ್ಲ. 1904ರ ಹೊತ್ತಿಗೆ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಆತ ಆಲ್ಫಾ ಕಣಗಳನ್ನು ಅಳೆಯುತ್ತಿದ್ದ. ವಿದ್ಯುದಂಶವಿರುವ ಭಾರದ ಕಣ ದಾರಿಯುದ್ದಕ್ಕೂ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತ ಹೋಗಿ, ನಿಲ್ಲುವ ಜಾಗದಲ್ಲಿ ಒಮ್ಮೆಲೆ ಸುರಿದುಬಿಡುತ್ತದೆ. ಅಲ್ಲಿಂದಾಚೆಗೆ ಹೆಚ್ಚುಕಡಿಮೆ ಏನೂ ಇಲ್ಲ. ಇದನ್ನು ಗಡ್ಡೆ ಸುಡಲು ಬಳಸಬಹುದೆಂದು 1946ರಲ್ಲಿ ರಾಬರ್ಟ್ ವಿಲ್ಸನ್ ಬರೆದ. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗಳಿಗೆ ಪ್ರೋಟಾನ್ ಕೊಟ್ಟರು. ಇಷ್ಟೆಲ್ಲ ತಿಳಿದವನೇ ಅಣ್ಣನ ಚಿಕಿತ್ಸೆಗೆ ಅಡ್ಡ ಬಂದೆ.

ಅಣ್ಣ ಭದ್ರಾವತಿಯ ಸಾಮಿಲ್ಲಿನಲ್ಲಿ ವಯಸ್ಸೆಲ್ಲ ಕಳೆದವನು. ನಮ್ಮ ಜಿಲ್ಲೆಯಲ್ಲಿ ಕ್ಯಾನ್ಸರ್ ಅಂದರೆ ಎಲೆಅಡಿಕೆ, ತಂಬಾಕು, ಬಾಯಿಯ ಹುಣ್ಣು ಎಂದೇ ಜನಕ್ಕೆ ನೆನಪಾಗುವುದು. ಇವನದು ಮೂಗಿನ ಪಕ್ಕದ ಸೈನಸ್ಸಿನಲ್ಲಿ ಬೆಳೆದ ಅಪರೂಪದ ಗಡ್ಡೆ. (ಮರದ ಹೊಟ್ಟು ಇಂಥ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ನಮ್ಮ ಮಿಲ್ಲುಗಳಲ್ಲಿ ಇವತ್ತಿಗೂ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಗರಗಸದ ಮುಂದೆ ನಿಂತವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.) ಆಪರೇಷನ್ ಆಯಿತು. ಉಳಿದ ಬೇರು ಕಣ್ಣಿನ ನರದ ಹತ್ತಿರವೇ ಇದ್ದುದರಿಂದ ಮಾಮೂಲಿ ಕರೆಂಟ್ (ಎಕ್ಸ್‌ರೇ ಕಿರಣದ ಚಿಕಿತ್ಸೆ) ಬೇಡ, ಪ್ರೋಟಾನ್ ಕೊಡಿಸಿ ಎಂದರು. ಆಗ ಕರ್ನಾಟಕದಲ್ಲಿ ಆ ಯಂತ್ರ ಇರಲಿಲ್ಲ. ಹೊರರಾಜ್ಯಕ್ಕೆ ಹೋದೆವು.

ಅಣ್ಣನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅವನ ಪರವಾಗಿ ಮಾತಾಡುವವನು ನಾನೇ. ದಿನಾ ಬೆಳಿಗ್ಗೆ ಟೆಕ್ನಿಶಿಯನ್ ಹುಡುಗಿ ಕೇಳುತ್ತಿದ್ದಳು: ಏನಾದರೂ ತೊಂದರೆ ಇದೆಯಾ? ನಾನು ಅಣ್ಣನನ್ನು ಕೇಳಿ ಉತ್ತರ ಹೇಳುತ್ತಿದ್ದೆ. ಆಮೇಲೆ ತಲೆ ಅಲ್ಲಾಡದಂತೆ ಅವನ ಮುಖದ ಅಚ್ಚಿನ ಮಾಸ್ಕ್ ಬಿಗಿದು ಮಲಗಿಸುತ್ತಿದ್ದರು. ಚಿಕಿತ್ಸೆ ಅರ್ಧ ದಾಟಿದಾಗ ಅವನಿಗೆ ನೆಗಡಿಯಾಯಿತು. "ಮೂಗು ಪೂರ್ತಿ ಕಟ್ಟಿದೆ, ಮಾಸ್ಕೂ ಯಾಕೋ ಸಡಿಲ ಅನ್ನಿಸ್ತಿದೆ, ಹೇಳು" ಅಂದ. ನಾನು ಅವಳ ಕಡೆ ತಿರುಗಿ, ಎಲ್ಲ ಸರಿಯಾಗಿದೆ ಅಂದೆ. ಮರುದಿನವೂ ಹಾಗೇ. ಅದರ ಮರುದಿನ ಅಣ್ಣ ಹೇಳುವುದನ್ನೇ ಬಿಟ್ಟ.

ನನ್ನ ಲೆಕ್ಕ ಹೀಗಿತ್ತು. ತಲೆ-ಕುತ್ತಿಗೆಯ ಕ್ಯಾನ್ಸರಿಗೆ ಕರೆಂಟ್ ಕೊಡುವಾಗ ನಡುವೆ ಬಿಡುವಾದರೆ ಕ್ಯಾನ್ಸರ್ ಕೋಶಗಳು ಮತ್ತೆ ಚಿಗುರುತ್ತವೆ ಎಂದು ಓದಿದ್ದೆ, ಅದು ನಿಜವೂ ಹೌದು. ನೆಗಡಿ ಅಂದರೆ ನಿಲ್ಲಿಸಿಬಿಟ್ಟಾರು ಎಂಬ ಭಯ. ರಜೆಯೂ ಮುಗಿಯುತ್ತ ಬಂದಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಕೆಲವು ದಿನಗಳ ನಂತರ ನಿಗದಿಯಂತೆ ಮತ್ತೊಂದು ಸಿಟಿ ಸ್ಕ್ಯಾನ್ ಮಾಡಿದರು. ಅಲ್ಲಿನ ಮೆಡಿಕಲ್ ಫಿಸಿಸಿಸ್ಟ್ ನನ್ನನ್ನು ಒಳಗೆ ಕರೆದು ಎರಡು ಚಿತ್ರ ಪಕ್ಕಪಕ್ಕ ಇಟ್ಟರು. ಮೊದಲಿನದರಲ್ಲಿ ಸೈನಸ್ಸಿನ ಜಾಗ ಕಪ್ಪಗಿತ್ತು, ಬರೀ ಗಾಳಿ. ಎರಡನೆಯದರಲ್ಲಿ ಬೂದುಬಣ್ಣ, ತುಂಬ ಕಫ. ಆಮೇಲಿನದನ್ನು ಅವರು ವಿವರಿಸುವ ಮೊದಲೇ ನನಗೆ ಅರ್ಥವಾಯಿತು. ಗಾಳಿಯಲ್ಲಿ ಪ್ರೋಟಾನ್ ಹೆಚ್ಚುಕಡಿಮೆ ಏನನ್ನೂ ಕಳೆದುಕೊಳ್ಳದೆ ದಾಟುತ್ತದೆ. ಅದೇ ಜಾಗದಲ್ಲಿ 2 ಸೆಂಟಿಮೀಟರ್ ಕಫ ನಿಂತರೆ ಸುಮಾರು ಅಷ್ಟೇ ದೂರ ಮೊದಲೇ ನಿಂತುಬಿಡುತ್ತದೆ. ಎಕ್ಸ್‌ರೇ ಕಿರಣವಾಗಿದ್ದರೆ ಡೋಸಿನಲ್ಲಿ ಶೇಕಡಾ ಕೆಲವಷ್ಟು ವ್ಯತ್ಯಾಸವಾಗುತ್ತಿತ್ತು. ಪ್ರೋಟಾನ್‌ನಲ್ಲಿ ಕಿರಣದ ತುದಿಯೇ ಜಾಗ ಬದಲಿಸುತ್ತದೆ. ಯೋಜನೆ ಮಾಡುವಾಗ ಕಿರಣ ಹೋಗುವ ಆಳದ ಶೇಕಡಾ 3.5ರಷ್ಟು, ಅದರ ಮೇಲೆ ಒಂದೆರಡು ಮಿಲಿಮೀಟರ್ ತಪ್ಪಿಗೆ ಅವಕಾಶ ಇಟ್ಟುಕೊಳ್ಳುವುದು ವಾಡಿಕೆ. ಕಫದ ವ್ಯತ್ಯಾಸ ಅದನ್ನು ಎಲ್ಲೋ ದಾಟಿತ್ತು. ದಿನಾ ತೆಗೆಯುತ್ತಿದ್ದ ಎಕ್ಸ್‌ರೇ ಮೂಳೆಗಳನ್ನು ಸರಿಯಾಗಿ ಹೊಂದಿಸುತ್ತಿತ್ತು, ಕಫವನ್ನು ತೋರಿಸುತ್ತಿರಲಿಲ್ಲ. ಅದನ್ನು ತೋರಿಸಬಹುದಾಗಿದ್ದುದು ಅಣ್ಣನ ಮಾತೊಂದೇ. ಡೋಸಿನ ನಕ್ಷೆಯಲ್ಲಿ ಗಡ್ಡೆಯಿದ್ದ ಜಾಗದ ಹಿಂಬದಿಯ ಅಂಚು ಕೆಂಪಿರಬೇಕಾದ ಕಡೆ ನೀಲಿಯಾಗಿತ್ತು, ಅಂದರೆ ಅಲ್ಲಿಗೆ ಡೋಸ್ ಸಾಕಷ್ಟು ತಲುಪಿರಲಿಲ್ಲ.

ಅವರು ನನ್ನನ್ನು ಬೈಯಲಿಲ್ಲ. ಮೂಗು ಎಂದಿನಿಂದ ಕಟ್ಟಿದೆ ಎಂದು ಕೇಳಿದರು. ಸತ್ಯ ಹೇಳಿದೆ. ಹಿಂದಿನ ದಿನಗಳ ಡೋಸ್ ಮರುಲೆಕ್ಕ ಹಾಕಿ, ಸಡಿಲವಾಗಿದ್ದ ಮಾಸ್ಕನ್ನು ಹೊಸದಾಗಿ ಮಾಡಿ, ಉಳಿದ ದಿನಗಳಿಗೆ ಬೇರೆ ಯೋಜನೆ ಸಿದ್ಧಪಡಿಸಿದರು. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸಲೇಬೇಕಾಯಿತು, ನಾನು ಯಾವುದಕ್ಕೆ ಹೆದರಿದ್ದೆನೋ ಅದೇ. ಮೊದಲ ದಿನವೇ ಹೇಳಿದ್ದರೆ ಸ್ಕ್ಯಾನ್ ಬೇಗ ಆಗುತ್ತಿತ್ತು, ಅಷ್ಟು ದಿನದ ಕಿರಣ ಅಂಚು ಮುಟ್ಟದೆ ನಿಲ್ಲುತ್ತಿರಲಿಲ್ಲ.

ಇಡೀ ಕಟ್ಟಡದಷ್ಟು ದೊಡ್ಡ ಯಂತ್ರ, 230 ಮೆಗಾ ಎಲೆಕ್ಟ್ರಾನ್ ವೋಲ್ಟಿನ ಕಣ. ನಿಖರತೆಯೆಲ್ಲ ಅದರೊಳಗೇ ಇದೆ, ಮಲಗುವವನು ಅಲ್ಲಾಡದಿದ್ದರೆ ಸಾಕು ಎಂದು ನಾನು ನಂಬಿಬಿಟ್ಟಿದ್ದೆ. ಓದಿದವನಾದ್ದರಿಂದಲೇ ಅಷ್ಟು ಗಟ್ಟಿಯಾಗಿ ನಂಬಿದೆ. ಮಿಲ್ಲಿನಲ್ಲಿ ಮರ ಕೊಯ್ದ ಅಣ್ಣ ಆ ಬೆಳಿಗ್ಗೆ ನನಗಿಂತ ಒಳ್ಳೆಯ ಭೌತಶಾಸ್ತ್ರಿಯಾಗಿದ್ದ. ಅವನೀಗ ಮನೆಯಲ್ಲಿದ್ದಾನೆ. ಪ್ರತಿ ಎಂಆರ್‌ಐ ಹಿಂದಿನ ರಾತ್ರಿ ಆ ನೀಲಿ ಅಂಚು ನನ್ನ ಕಣ್ಣಿಗೆ ಕಟ್ಟುತ್ತದೆ.

ಚಿಕಿತ್ಸೆಗೆ ಹೊರಟ ನಮ್ಮ ಕಡೆಯವರು ಯಾರದೋ ಮೂಲಕ ನಂಬರ್ ಪಡೆದು ನನಗೆ ಫೋನ್ ಮಾಡುತ್ತಾರೆ. ಶಿವಮೊಗ್ಗದಲ್ಲೇ ಮಾಮೂಲಿ ಕರೆಂಟ್ ಕೊಡಿಸುವವರೂ ಕೇಳುತ್ತಾರೆ. ಗಂಟಲು ನೋವಿನಿಂದ ಊಟ ಬಿಟ್ಟು ತೂಕ ಇಳಿದರೆ, ಮಾಸ್ಕ್ ಸಡಿಲವಾದರೆ ಅವರಿಗೂ ಗುರಿ ತಪ್ಪುತ್ತದೆ. ಅವರಿಗೆಲ್ಲ ಒಂದು ಹಾಳೆ ಕಳಿಸುತ್ತೇನೆ. ಎಡಗಡೆ ಕನ್ನಡ, ಬಲಗಡೆ ಅದೇ ಮಾತು ಇಂಗ್ಲಿಷ್, ಹಿಂದಿ, ತಮಿಳಿನಲ್ಲಿ. ರೋಗಿ ತಾನೇ ಬೆರಳಿಟ್ಟು ತೋರಿಸಬಹುದು, ನಡುವೆ ನನ್ನಂಥ ತಮ್ಮ ಬೇಕಾಗುವುದಿಲ್ಲ. ಮೊದಲನೇ ಸಾಲು: ನನಗೆ ಮೂಗು ಕಟ್ಟಿದೆ.