ಜೋಗದ ಮಂಜು, ಹಗುರಾದ ಮುಕ್ಕಾಲಿ

ಸಾಗರದಿಂದ ಸುಮಾರು 30 ಕಿಲೋಮೀಟರು ದಾರಿ ಸವೆಸಿ, ಮಳೆಗಾಲದಲ್ಲಿ ಜೋಗವನ್ನು ಸೇರುವ ಪ್ರವಾಸಿಗೆ ಜಲಪಾತವು ಕಣ್ಣಿಗಿಂತ ಮೊದಲು ಕಿವಿಗೆ ದೊರೆಯುತ್ತದೆ. ಎದುರಿನ ಕಣಿವೆಯ ತುಂಬ ಬೆಳ್ಳನೆಯ ಮಂಜು. ಅದರ ಹಿಂದೆಲ್ಲೋ ಶರಾವತಿಯ ಭೋರ್ಗರೆತ. ಒಮ್ಮೆ ಗಾಳಿ ತಿರುಗಿತೆಂದರೆ ತೆರೆ ಸರಿದಂತೆ ಮಂಜು ಸರಿದು, ಸುಮಾರು 830 ಅಡಿಯ ಎತ್ತರದಿಂದ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳು ಧುಮುಕುವ ನೋಟ ತೆರೆದುಕೊಳ್ಳುತ್ತದೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಅದು ಮತ್ತೆ ಮುಚ್ಚಿಕೊಂಡರೂ ಅಚ್ಚರಿಯಿಲ್ಲ.

ನೂರಾರು ಮೈಲಿ ಬಂದವನ ಪುಟ್ಟ ಕ್ಯಾಮರಾಕ್ಕೆ ಪರೀಕ್ಷೆಯ ಗಳಿಗೆ ಅದೇ. ನೀರು ರೇಷ್ಮೆಯ ಎಳೆಯಂತೆ ಚಿತ್ರದಲ್ಲಿ ಮೂಡಬೇಕಾದರೆ ಷಟರು ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ತೆರೆದಿರಬೇಕು. ಅಷ್ಟು ಹೊತ್ತು ಅಲುಗದಿರುವ ಕೈ ವಿರಳ. ಟ್ರೈಪಾಡ್ ಎಂಬ ಮುಕ್ಕಾಲಿ ಬೇಕೇ ಬೇಕು. ಆದರೆ ಭಾರವೆಂದು ಗಟ್ಟಿ ಮುಕ್ಕಾಲಿಯನ್ನು ಮನೆಯಲ್ಲಿಯೇ ಬಿಟ್ಟು ಬಂದವನೂ, ಹಗುರವೆಂದು ಕಡ್ಡಿಗಾಲಿನದನ್ನು ಹೊತ್ತು ತಂದವನೂ ಕೊನೆಗೆ ಕದಲಿದ ಚಿತ್ರದೊಡನೆಯೇ ಹಿಂದಿರುಗುತ್ತಾರೆ. ಹಗುರತನಕ್ಕೂ ಸ್ಥಿರತೆಗೂ ನಡುವಣ ಹದವನ್ನು ಕಂಡುಕೊಳ್ಳುವುದೇ ಆಯ್ಕೆಯ ಮರ್ಮ.

ಮಸೂರವೂ ಸೇರಿ ಮುಕ್ಕಾಲು ಕಿಲೋಗ್ರಾಮನ್ನು ಮೀರದ ಕ್ಯಾಮರಾಕ್ಕೆ ಒಂದು, ಒಂದೂಕಾಲು ಕಿಲೋಗ್ರಾಮಿನ ಮುಕ್ಕಾಲಿ ಸಾಕು. ಮಡಿಸಿದಾಗ 40 ಸೆಂಟಿಮೀಟರಿನಷ್ಟಾದರೆ ಹೆಗಲ ಚೀಲದೊಳಗೆ ಅಡಗುತ್ತದೆ. ಕಾಲುಗಳಲ್ಲಿ ಐದು ತುಂಡುಗಳಿದ್ದರೆ ಮಡಿಕೆ ಇನ್ನೂ ಗಿಡ್ಡವಾಗುವುದು ನಿಜ; ಆದರೆ ಕೊನೆಯ ತುಂಡು ಕಿರುಬೆರಳಿನಷ್ಟು ಸಣ್ಣದಾಗಿ ಗಾಳಿಗೆ ನಡುಗುತ್ತದೆ. ನಾಲ್ಕು ತುಂಡಿನದು ಮಧ್ಯಮ ಮಾರ್ಗ. ಕಾರ್ಬನ್ ನಾರಿನ ಕಾಲುಗಳು ಹಗುರವಾಗಿದ್ದು ಕಂಪನವನ್ನು ಬೇಗ ಅಡಗಿಸುತ್ತವೆ, ಬೆಲೆ ಮಾತ್ರ ಹೆಚ್ಚು. ಅಲ್ಯೂಮಿನಿಯಮಿನವನ್ನು ಕೊಂಡವನು ನಾಚಬೇಕಾದುದಿಲ್ಲ. ಹೊರಬಲ್ಲ ಭಾರವೆಂದು ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯು ಕ್ಯಾಮರಾದ ತೂಕದ ಎರಡು ಮೂರು ಪಟ್ಟಾದರೂ ಇರಲಿ. ತೆಂಗಿನಕಾಯಿಯನ್ನು ಬಡಿದು, ಬೆಂಡೆಕಾಯಿಯ ತುದಿ ಮುರಿದು ನೋಡಿ ಕೊಳ್ಳುವ ಜನ ಮುಕ್ಕಾಲಿಯನ್ನೇಕೆ ಪರೀಕ್ಷಿಸಬಾರದು? ಅಂಗಡಿಯಲ್ಲಿಯೇ ಕಾಲುಗಳನ್ನು ಪೂರ್ತಿ ಚಾಚಿ, ನೆತ್ತಿಯನ್ನು ಅಂಗೈಯಿಂದ ಒತ್ತಿ, ಮೆಲ್ಲನೆ ತಿರುಚಿದರೆ ಅದರ ಗುಣ ಬಯಲಾಗುತ್ತದೆ.

ಕೊಂಡದ್ದನ್ನು ನಿಲ್ಲಿಸುವುದರಲ್ಲಿಯೂ ಜಾಣ್ಮೆ ಬೇಕು. ಮೊದಲು ಮೇಲಿನ ದಪ್ಪ ತುಂಡುಗಳನ್ನೇ ಎಳೆಯಬೇಕು. ನಡುಗಂಬವನ್ನು ಏರಿಸಿದಷ್ಟೂ ಅಲುಗಾಟ ಹೆಚ್ಚು. ಅದು ಇಳಿದೇ ಇರಲಿ. ಒಂದು ಕಾಲು ಮಸೂರದ ದಿಕ್ಕಿಗೆ ಚಾಚಿದ್ದರೆ ಕ್ಯಾಮರಾ ಮುಂದಕ್ಕೆ ಮುಗ್ಗರಿಸದು. ನಡುಗಂಬದ ಕೊಕ್ಕೆಗೆ ಚೀಲವನ್ನು, ಅದರ ತಳ ನೆಲವನ್ನು ಸೋಕುವಂತೆ ತೂಗುಹಾಕಿದರೆ ಹಗುರ ಮುಕ್ಕಾಲಿಗೂ ತೂಕ ಬರುತ್ತದೆ. ಜನ ಒರಗುವ ಕಟಕಟೆಗೆ ಅದನ್ನು ತಗುಲಿಸಬಾರದು. ಅವರ ಪ್ರತಿಯೊಂದು ಚಲನೆಯೂ ಚಿತ್ರಕ್ಕಿಳಿಯುತ್ತದೆ. ಗುಂಡಿಯನ್ನೊತ್ತುವ ಬೆರಳೂ ಕದಲಿಸೀತು; ಎರಡು ಸೆಕೆಂಡು ತಡೆದು ತಾನೇ ಕ್ಲಿಕ್ಕಿಸುವ ಏರ್ಪಾಡನ್ನು ಬಳಸುವುದು ಮೇಲು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮೇಲೆದ್ದ ಬಳಿಕ ಶರಾವತಿಯ ನೀರು ಅಲ್ಲಿ ತಂಗುತ್ತದೆ. ಜೋಗದ ತುಂಬು ವೈಭವ ಮಳೆಯ ತಿಂಗಳುಗಳಿಗೇ ಮೀಸಲು. ಗಾಳಿ, ಮಂಜು, ತುಂತುರುಗಳೂ ಆಗಲೇ. ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳ ಹಾದಿ ತೆರೆದಿರುವ ದಿನಗಳಲ್ಲಿ ತಳಕ್ಕಿಳಿದು ಹತ್ತಿಬಂದ ಮೊಣಕಾಲುಗಳು, ಅರ್ಧ ಕಿಲೋಗ್ರಾಮಿನ ಉಳಿತಾಯಕ್ಕೆ ಎಷ್ಟು ಬೆಲೆಯೆಂಬುದನ್ನು ತಾವೇ ಹೇಳುತ್ತವೆ.

ಮಂಜು ಯಾರ ಸಿದ್ಧತೆಗೂ ಕಾಯುವುದಿಲ್ಲ. ಅದು ಸರಿಯುವ ಮುನ್ನವೇ ಕಾಲೂರಿ ನಿಂತ ಮುಕ್ಕಾಲಿಯ ಒಡೆಯನಿಗೆ ಆ ಎರಡು ನಿಮಿಷ ಸಾಕು. ಚಿತ್ರ ದೊರೆತ ಮೇಲೆ ಅವನು ಬರಿಗಣ್ಣಿನಿಂದಲೂ ನೋಡಬಹುದು.