ಆಸನದ ಫಲಶ್ರುತಿ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ, ಮುಂಜಾನೆ ಐದೂವರೆಗೆ ಹಾಲಿನವನು ಗೇಟು ತೆರೆದಾಗ ಅವನಿಗೆ ಮೊದಲು ಕಾಣುತ್ತಿದ್ದುದು ಕಿಟಕಿಯಾಚೆಯ ಎರಡು ಪಾದಗಳು. ಆ ಮನೆಯ ಯಜಮಾನರ ಮುಖದರ್ಶನವಾಗುತ್ತಿದ್ದುದು ಅದಾದ ಐದು ನಿಮಿಷಗಳ ಮೇಲೆ. ನಿವೃತ್ತ ಮುಖ್ಯೋಪಾಧ್ಯಾಯರಾದ ಅವರು ನಲವತ್ತು ವರ್ಷ ಈ ನೇಮವನ್ನು ತಪ್ಪಿಸಿದವರಲ್ಲ. ಬೀದಿಯವರು ಅವರನ್ನು ‘ಶೀರ್ಷಾಸನದ ಮೇಷ್ಟರು’ ಎಂದೇ ಕರೆಯುತ್ತಿದ್ದರು. ಆ ಬಿರುದು ಅವರಿಗೆ ಅಪ್ರಿಯವೂ ಆಗಿರಲಿಲ್ಲ.

ಇಂಥ ನೇಮಕ್ಕೆ ಮೈಸೂರು ತಕ್ಕ ನೆಲವೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಮರುವರ್ಷವೇ ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಅಚ್ಚಾಯಿತು. ಮೇಷ್ಟರಿಗೆ ಆಸನ ಕಲಿಸಿದವರು ಅವರ ತಂದೆ. ಆಸನದೊಡನೆ ಅವರು ಅದರ ಫಲಶ್ರುತಿಯನ್ನೂ ಕಲಿಸಿದ್ದರು: ಮರೆವಿಗೆ ಶೀರ್ಷಾಸನ, ಥೈರಾಯ್ಡ್ ಗ್ರಂಥಿಗೆ ಸರ್ವಾಂಗಾಸನ, ಮೈಯೊಳಗಿನ ವಿಷವನ್ನು ಹಿಂಡಿ ಹಾಕಲು ಅರ್ಧಮತ್ಸ್ಯೇಂದ್ರಾಸನ. ವಿಪರೀತಕರಣಿಯನ್ನು ಆರು ತಿಂಗಳು ಸಾಧಿಸಿದವನಿಗೆ ನರೆಯೂ ಸುಕ್ಕೂ ಇಲ್ಲವಾಗುವುವೆಂದು ‘ಹಠಯೋಗ ಪ್ರದೀಪಿಕೆ’ಯೇ ಹೇಳುತ್ತದೆ. ಮೇಷ್ಟರ ತಲೆಗೂದಲು ಅರುವತ್ತರೊಳಗೇ ಹತ್ತಿಯಂತೆ ಬೆಳ್ಳಗಾಗಿತ್ತು. ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಸೊಸೆಗೆ ಥೈರಾಯ್ಡಿನ ಕೊರತೆಯಿದೆಯೆಂದು ತಿಳಿದು ವೈದ್ಯರು ದಿನಕ್ಕೊಂದು ಮಾತ್ರೆಯನ್ನು ಬರೆದುಕೊಟ್ಟಾಗ ಮೇಷ್ಟರು ನಕ್ಕರು. “ಬದುಕೆಲ್ಲ ಮಾತ್ರೆ ನುಂಗುತ್ತೀಯೇನಮ್ಮ? ಮೂರು ತಿಂಗಳು ಸರ್ವಾಂಗಾಸನ ಮಾಡು, ಸಾಕು” ಎಂದರು. ಆಕೆ ಮಾವನವರ ಮಾತನ್ನು ಮೀರಿದವಳಲ್ಲ. ಮಾತ್ರೆಯ ಡಬ್ಬಿ ಬೀರುವಿನ ಹಿಂಭಾಗಕ್ಕೆ ಸರಿಯಿತು. ದಿನ ಕಳೆದಂತೆ ಅವಳ ಮುಖ ಊದಿಕೊಂಡಿತು. ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಮಧ್ಯಾಹ್ನ ಕುಳಿತಲ್ಲೇ ತೂಕಡಿಕೆ. ‘ಸಾಧನೆ ಸಾಲದು’ ಎಂದು ಅವಳು ಇನ್ನೂ ಎರಡು ನಿಮಿಷ ಹೆಚ್ಚು ಕಾಲೆತ್ತಿ ನಿಂತಳೇ ಹೊರತು ಯಾರಿಗೂ ಹೇಳಲಿಲ್ಲ.

ಆ ದಿನಗಳಲ್ಲೇ ಮೇಷ್ಟರು ಕನ್ನಡಕ ಬದಲಿಸಲೆಂದು ಕಣ್ಣಿನ ವೈದ್ಯರಲ್ಲಿಗೆ ಹೋದರು. ವೈದ್ಯರು ಕಣ್ಣೊಳಗಿನ ಒತ್ತಡವನ್ನು ಅಳೆದರು, ನರವನ್ನು ಪರೀಕ್ಷಿಸಿದರು, ಗ್ಲಾಕೋಮಾ ಎಂದರು. ಬಳಿಕ ಮೆಲ್ಲನೆ ಕೇಳಿದರು: “ತಾವು ಶೀರ್ಷಾಸನ ಮಾಡುವುದುಂಟೆ?”

ಮೇಷ್ಟರು ಹೆಮ್ಮೆಯಿಂದ ಹೂಂಗುಟ್ಟಿದರು. ವೈದ್ಯರು ನಗಲಿಲ್ಲ.

ತಲೆಕೆಳಗಾಗಿ ನಿಂತಾಗ ಕಣ್ಣೊಳಗಿನ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. ಯೋಗಾಭ್ಯಾಸಿಗಳಾದ 75 ಮಂದಿಯನ್ನು ಪರೀಕ್ಷಿಸಿದ, 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ಇದನ್ನು ತೋರಿಸಿದೆ. ಆರೋಗ್ಯವಾದ ಕಣ್ಣು ಆ ಭಾರವನ್ನು ತಾಳಿಕೊಂಡೀತು. ನರ ನವೆಯುತ್ತಿರುವ ಕಣ್ಣಿಗೆ ಅದು ಸಲ್ಲದು. ಇನ್ನು ಮಿದುಳಿಗೆ ಹರಿದುಬರುವ ಹೆಚ್ಚಿನ ರಕ್ತದ ಮಾತು. ಮಿದುಳು ಬಹು ಜಾಣ ಯಜಮಾನ. ತನಗೆ ಬೇಕಾದಷ್ಟು ರಕ್ತವನ್ನು, ತನ್ನ ನಾಳಗಳನ್ನು ಹಿಗ್ಗಿಸಿ ಕುಗ್ಗಿಸಿ, ನಿಂತರೂ ಮಲಗಿದರೂ ಹೆಚ್ಚು ಕಡಿಮೆ ಒಂದೇ ಸಮನಾಗಿ ಪಡೆದುಕೊಳ್ಳುತ್ತದೆ. ಕಾಲನ್ನು ಮೇಲೆತ್ತಿದ ಮಾತ್ರಕ್ಕೆ ಅದು ಬುದ್ಧಿಯ ಬೆಳೆಗೆ ಹೆಚ್ಚು ನೀರು ಹಾಯಿಸುವುದಿಲ್ಲ.

ಮೇಷ್ಟರು ಮನೆಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ಕಾಫಿ ತಂದ ಸೊಸೆಯ ಮುಖವನ್ನು, ಹೊಸದಾಗಿ ನೋಡುವವರಂತೆ, ನೋಡಿದರು.

“ಆ ಮಾತ್ರೆ ಪೂರ್ತಿ ಬಿಟ್ಟಿದ್ದೀಯೇನಮ್ಮ?”

“ತಾವೇ ಹೇಳಿದಿರಲ್ಲ, ಮಾವ.”

ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಮರುದಿನ ತಾವೇ ಅವಳನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋದರು. ಕೊರತೆ ಮೊದಲಿಗಿಂತ ಎಷ್ಟೋ ಹೆಚ್ಚಿತ್ತು. ಕತ್ತನ್ನು ಬಾಗಿಸಿ ಗ್ರಂಥಿಯನ್ನು ಒತ್ತಿದರೆ ಅದು ರಸ ಸುರಿಸುವುದಿಲ್ಲವೆಂದು ವೈದ್ಯರು ವಿವರಿಸಿದರು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಅಪ್ಪಣೆಯಂತೆ ಅದು ನಡೆಯುತ್ತದೆ. ಮೈಯ ರಕ್ಷಣಾಶಕ್ತಿಯೇ ಅದನ್ನು ಹಾಳುಮಾಡುತ್ತಿದ್ದರೆ ಯಾವ ಆಸನವೂ ಅದನ್ನು ಸರಿಪಡಿಸಲಾರದು. ವಿಷವನ್ನು ಹಿಂಡುವ ಕೆಲಸವೂ ಬೆನ್ನಿನ ತಿರುಚಿನದಲ್ಲ. ಯಕೃತ್ತೂ ಮೂತ್ರಪಿಂಡಗಳೂ ಅದನ್ನು ಹಗಲಿರುಳು ಸದ್ದಿಲ್ಲದೆ ಮಾಡುತ್ತಿರುತ್ತವೆ.

ಹಾಗಾದರೆ ಆಸನಗಳೆಲ್ಲ ವ್ಯರ್ಥವೆ? ಹಾಗೆನ್ನುವುದು ಇನ್ನೊಂದು ಬಗೆಯ ಮೂಢತನ. ಬಹುಕಾಲದ ಸೊಂಟನೋವಿಗೆ ಯೋಗಾಭ್ಯಾಸ ತಕ್ಕಮಟ್ಟಿನ ನೆರವಾಗುವುದೆಂದು 12 ಪ್ರಯೋಗಗಳನ್ನು, ಒಟ್ಟು 1080 ಜನರನ್ನು ಗಮನಿಸಿದ 2017ರ ಕಾಕ್ರೇನ್ ಸಮೀಕ್ಷೆ ಹೇಳಿತು. ಏನೂ ವ್ಯಾಯಾಮ ಮಾಡದವರಿಗಿಂತ ಇವರ ಓಡಾಟ ಸ್ವಲ್ಪ ಸಲೀಸಾಯಿತು. ‘ಸ್ವಲ್ಪ’ ಎಂಬುದು ಸಣ್ಣ ಮಾತೇನೋ ನಿಜ. ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾರದವನಿಗೆ ಅದು ಸಣ್ಣ ವರವಲ್ಲ. ಸ್ತೋತ್ರದ ಕೊನೆಯ ಫಲಶ್ರುತಿಯನ್ನು ಔಷಧದ ಚೀಟಿಯೆಂದು ಓದಿದರೆ ತಪ್ಪು ಸ್ತೋತ್ರದ್ದಲ್ಲ. ನಲವತ್ತು ವರ್ಷದ ನೇಮ ಮೇಷ್ಟರಿಗೆ ನೆಟ್ಟನೆಯ ಬೆನ್ನನ್ನೂ ಬೆಳಗಿನ ಶಾಂತಿಯನ್ನೂ ಕೊಟ್ಟಿತ್ತು. ಕೊಡದಿದ್ದುದನ್ನೂ ಅದರ ಲೆಕ್ಕಕ್ಕೆ ಬರೆದುಕೊಂಡವರು ಅವರೇ.

ಮೇಷ್ಟರು ಚಾಪೆಯನ್ನು ಸುತ್ತಿಡಲಿಲ್ಲ. ತಾಡಾಸನ, ವೀರಭದ್ರಾಸನ, ಕೊನೆಗೆ ಶವಾಸನ, ಇಷ್ಟು ಉಳಿದಿದೆ. ಕಣ್ಣಿಗೆ ರಾತ್ರಿ ಹನಿ ಹಾಕುವವಳು ಸೊಸೆ. ಬೆಳಗಿನ ಬರಿಹೊಟ್ಟೆಯಲ್ಲಿ ಅವಳಿಗೆ ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದುಕೊಡುವವರು ಮಾವ. ಅದೀಗ ಅವರ ಹೊಸ ನೇಮ. ಐದೂವರೆಗೆ ಗೇಟು ತೆರೆಯುವ ಹಾಲಿನವನಿಗೆ ಮೊದಲು ಕಾಣುವುದು, ಲೋಟ ಹಿಡಿದು ನಿಂತ ಮೇಷ್ಟರ ಮುಖ.